ಮರೆವಿಗೆ ಗುಳಿಗೆ ಬೇಡ, ಸರಿ, ಆದರೆ ಬಿ.ಪಿ. ಗುಳಿಗೆ ಬಿಡಬೇಡಿ

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ವಯಸ್ಸು 59, ಮುಂದಿನ ವರ್ಷ ನಿವೃತ್ತಿ. ನಮ್ಮ ಅವ್ವನಿಗೆ 76ನೇ ವಯಸ್ಸಿನಲ್ಲಿ ಮರೆವಿನ ಕಾಯಿಲೆ ಶುರುವಾಗಿ, ಕಡೆಕಡೆಗೆ ಹೆತ್ತ ಮಕ್ಕಳ ಗುರುತೂ ಹತ್ತದಂತಾಗಿತ್ತು. ಈಗ ನನಗೂ ಹಳೆಯ ವಿದ್ಯಾರ್ಥಿಗಳ ಹೆಸರು ಬಾಯಿಗೆ ಬರುವುದಿಲ್ಲ. ಅಡುಗೆಮನೆಗೆ ಹೋಗಿ ನಿಂತು, ಏನು ಒಯ್ಯಲು ಬಂದೆ ಎಂದು ಯೋಚಿಸುವಂತಾಗಿದೆ. ಔಷಧವಿಲ್ಲದೆ ದಿನಚರಿಯಿಂದಲೇ ಮಿದುಳನ್ನು ಕಾಪಾಡಿಕೊಳ್ಳಬಹುದೇ? ಬ್ರಾಹ್ಮಿ, ಸುಡೊಕು, ಎಡಗೈಯಿಂದ ಬರೆಯುವುದು ಎಂದು ವಾಟ್ಸಾಪ್‌ನಲ್ಲಿ ದಿನಕ್ಕೊಂದು ಸಲಹೆ ಬರುತ್ತದೆ. ಕೆಲವು ವರ್ಷಗಳಿಂದ ಬಿ.ಪಿ. ಗುಳಿಗೆ ನುಂಗುತ್ತಿದ್ದೇನೆ, ಈಗ ಯೋಗ, ನಡಿಗೆ ಶುರು ಮಾಡಿರುವುದರಿಂದ ಅದನ್ನು ಬಿಡಬೇಕೆಂದಿದ್ದೇನೆ. ನಮ್ಮ ಯಜಮಾನರಿಗೆ 70 ವರ್ಷ, ಅವರಿಗೂ ಬಿ.ಪಿ. ಇದೆ. ಇತ್ತೀಚೆಗೆ ಮಂಕಾಗಿದ್ದಾರೆ, ಹೇಳಿದ ಮಾತು ಅವರ ತಲೆಗೆ ಹೋಗುವುದಿಲ್ಲ, ಟಿ.ವಿ. ಮಾತ್ರ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಇಡುತ್ತಾರೆ. ಅವರಿಗೂ ಏನಾದರೂ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ತಡಮಾಡದೆ ಉತ್ತರಿಸಬೇಕಾದದ್ದು ಬಿ.ಪಿ. ಗುಳಿಗೆಯ ವಿಷಯಕ್ಕೆ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಮರೆವಿನ ಭಯದಿಂದ ಬರುವ ನಮ್ಮ ಭಾಗದ ಜನ ಕುರ್ಚಿಯಲ್ಲಿ ಕೂಡುವ ಮೊದಲೇ ‘ಗುಳಿಗಿ ಒಂದ್ ಬ್ಯಾಡ್ರಿ ಡಾಕ್ಟ್ರ, ಬ್ಯಾರೆ ಏನರ ಹೇಳ್ರಿ’ ಎನ್ನುವುದುಂಟು. ನೆನಪಿನ ಶಕ್ತಿ ಹೆಚ್ಚಿಸುತ್ತೇವೆಂದು ಮಾರುವ ಗುಳಿಗೆ, ಟಾನಿಕ್ಕುಗಳ ಮಟ್ಟಿಗೆ ಆ ಹಟ ಸರಿಯಾದದ್ದೇ. ಅದೇ ಹಟವನ್ನು ರಕ್ತದೊತ್ತಡದ ಗುಳಿಗೆಯ ಮೇಲೆ ತೀರಿಸಿಕೊಂಡರೆ ಯಾವುದನ್ನು ಕಾಪಾಡಲು ಹೊರಟಿದ್ದೇವೋ ಅದಕ್ಕೇ ಪೆಟ್ಟು ಬೀಳುತ್ತದೆ.

ನೀವು ವಿವರಿಸಿರುವ ಮರೆವಿನ ಬಗ್ಗೆ ಒಂದು ಮಾತು. ಹೆಸರು ನಾಲಿಗೆಯ ತುದಿಯಲ್ಲೇ ನಿಂತು, ಸಂಜೆ ಬೇರೇನೋ ಮಾಡುತ್ತಿರುವಾಗ ತಾನಾಗಿಯೇ ಹೊಳೆಯುವುದು, ಒಂದು ಕೆಲಸಕ್ಕೆಂದು ಒಳಗೆ ಹೋಗಿ ಅದನ್ನು ಮರೆತು ನಿಲ್ಲುವುದು, ಇವು ವಯಸ್ಸು ಐವತ್ತು ದಾಟಿದ ಬಹುತೇಕರ ಅನುಭವ. ಗಮನ ನಾಲ್ಕು ಕಡೆ ಹಂಚಿಹೋದಾಗ, ನಿದ್ದೆ ಕೆಟ್ಟಾಗ, ಚಿಂತೆ ಹೆಚ್ಚಾದಾಗ ಇವು ಇನ್ನಷ್ಟು ಕಾಡುತ್ತವೆ. ಇಷ್ಟರಿಂದಲೇ ಕಾಯಿಲೆ ಎನ್ನಲಾಗದು. ತಾಯಿಗೆ ಬಂದದ್ದು ಮಗಳಿಗೆ ಬಂದೇ ಬರುತ್ತದೆಂಬ ನಿಯಮವೂ ಇಲ್ಲ. ನೇರವಾಗಿ ಒಂದೇ ಜೀನ್‌ನಿಂದ ಬರುವ ಮರೆವಿನ ಕಾಯಿಲೆ ಬಹಳ ಅಪರೂಪದ್ದು ಮತ್ತು ಸಾಮಾನ್ಯವಾಗಿ ಅರವತ್ತೈದಕ್ಕಿಂತ ಬಹಳ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ನಿಮ್ಮ ತಾಯಿಯವರಂತೆ ಎಪ್ಪತ್ತು ದಾಟಿದ ಮೇಲೆ ಬರುವುದರಲ್ಲಿ ವಂಶದ ಪಾಲು ಇರುತ್ತದಾದರೂ ಅದೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಬ್ರಿಟನ್ನಿನಲ್ಲಿ ಸುಮಾರು ಎರಡು ಲಕ್ಷ ಜನರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಂಶವಾಹಿ ಅಪಾಯ ಹೆಚ್ಚಿದ್ದವರಲ್ಲೂ ಉತ್ತಮ ಜೀವನಕ್ರಮ ಇಟ್ಟುಕೊಂಡವರಿಗೆ ಮರೆವಿನ ಕಾಯಿಲೆ ಬಂದ ಪ್ರಮಾಣ, ಕೆಟ್ಟ ಜೀವನಕ್ರಮದವರಿಗಿಂತ 32 ಪ್ರತಿಶತ ಕಡಿಮೆಯಿತ್ತು. ಇದು ವೀಕ್ಷಣೆ ಮಾತ್ರ, ಪ್ರಯೋಗವಲ್ಲ. ಆದರೂ ಧೈರ್ಯ ಕೊಡುವಂಥದ್ದು.

‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರ ವರದಿಯಲ್ಲಿ ಮರೆವಿನ ಕಾಯಿಲೆಗೆ ಕಾರಣವಾಗುವ, ಬದಲಾಯಿಸಿಕೊಳ್ಳಲು ಸಾಧ್ಯವಿರುವ 14 ಅಂಶಗಳನ್ನು ಗುರುತಿಸಿತು. ಅವೆಲ್ಲವನ್ನೂ ಇಲ್ಲವಾಗಿಸಿದರೆ ಜಗತ್ತಿನ ಇಂಥ ಪ್ರಕರಣಗಳಲ್ಲಿ ಸುಮಾರು 45 ಪ್ರತಿಶತವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಇದು ಇಡೀ ಜನಸಮುದಾಯದ ಲೆಕ್ಕವೇ ಹೊರತು ನಿಮ್ಮೊಬ್ಬರ ಅಪಾಯ ಅರ್ಧಕ್ಕಿಳಿಯುತ್ತದೆಂಬ ಭರವಸೆಯಲ್ಲ. ನನಗೆ ಆ ಪಟ್ಟಿಯಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಕಿವುಡು, ದೃಷ್ಟಿದೋಷ, ಖಿನ್ನತೆ, ತಲೆಗೆ ಪೆಟ್ಟು, ತಂಬಾಕು, ಒಂಟಿತನ ಎಂದೆಲ್ಲ ಇರುವ ಅದರಲ್ಲಿ ಸುಡೊಕು ಆಡದಿರುವುದಾಗಲಿ ಬ್ರಾಹ್ಮಿ ಸೇವಿಸದಿರುವುದಾಗಲಿ ಇಲ್ಲ. ವಾಟ್ಸಾಪ್ ಸಲಹೆಗಳಿಗೂ ಈ ವಿಷಯದಲ್ಲಿ ಗಟ್ಟಿಯಾಗಿ ತಿಳಿದಿರುವುದಕ್ಕೂ ಇರುವ ಅಂತರ ಅಲ್ಲೇ ಗೊತ್ತಾಗುತ್ತದೆ.

ಈಗ ರಕ್ತದೊತ್ತಡ. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು 2 ಪ್ರತಿಶತ, ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಭಾಗ ಅದಕ್ಕೇ ಬೇಕು. ಈ ಪೂರೈಕೆಯೆಲ್ಲ ಕೂದಲಿಗಿಂತ ಸಣ್ಣದಾದ ರಕ್ತನಾಳಗಳ ಮೂಲಕ ಒಳಪದರಗಳಿಗೆ ತಲುಪುತ್ತದೆ. ಹನಿ ನೀರಾವರಿ ಮಾಡಿದ ಹೊಲದಲ್ಲಿ ಪಂಪಿನ ಒತ್ತಡ ಮಿತಿಮೀರಿದರೆ ದೊಡ್ಡ ಪೈಪಿಗೆ ಏನೂ ಆಗದೆ ತುದಿಯ ಸಣ್ಣ ನಳಿಗಳು ಮೊದಲು ಕೆಡುವಂತೆ, ವರ್ಷಗಟ್ಟಲೆ ಏರಿದ ಒತ್ತಡದಿಂದ ಮೊದಲು ಹಾಳಾಗುವುದು ಈ ಸಣ್ಣ ನಾಳಗಳೇ. ನೋವಿಲ್ಲ, ತಲೆಸುತ್ತಿಲ್ಲ, ಲಕ್ವ ಹೊಡೆದದ್ದೂ ಇಲ್ಲ, ಆದರೆ ಎಂ.ಆರ್.ಐ. ಮಾಡಿಸಿದರೆ ಒಳಗೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಹಾನಿ ಕಾಣುತ್ತದೆ. ಆದ್ದರಿಂದಲೇ ನಲವತ್ತರ ವಯಸ್ಸಿನಿಂದ ಬಿ.ಪಿ.ಯ ಎರಡು ಅಂಕಿಗಳಲ್ಲಿ ಮೇಲಿನದನ್ನು 130 ಅಥವಾ ಅದಕ್ಕಿಂತ ಕೆಳಗೆ ಇರಿಸಿಕೊಳ್ಳಬೇಕೆಂದು ಲ್ಯಾನ್ಸೆಟ್ ಆಯೋಗ ಹೇಳುತ್ತದೆ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದಲ್ಲಿ ನಡೆದು 2019ರಲ್ಲಿ ಫಲಿತಾಂಶ ಪ್ರಕಟವಾದ ‘ಸ್ಪ್ರಿಂಟ್ ಮೈಂಡ್’ ಪ್ರಯೋಗದಲ್ಲಿ, ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಳಿಸುವ ಗುರಿಯಿಟ್ಟು ಚಿಕಿತ್ಸೆ ಪಡೆದವರಲ್ಲಿ ಮರೆವಿನ ಕಾಯಿಲೆಯ ಹಿಂದಿನ ಹಂತವಾದ ಸೌಮ್ಯ ಬೌದ್ಧಿಕ ಕುಂದು ಕಡಿಮೆಯಾಯಿತು. ನಮ್ಮ ಊರುಗಳಿಗೆ ಇನ್ನೂ ಹತ್ತಿರವಾದದ್ದು ಚೀನಾದ ಹಳ್ಳಿಗಳ ಪ್ರಯೋಗ. ಅಲ್ಲಿ 326 ಹಳ್ಳಿಗಳ ಸುಮಾರು 34 ಸಾವಿರ ಜನರನ್ನು ಆರಿಸಿಕೊಂಡು, ಅರ್ಧದಷ್ಟು ಹಳ್ಳಿಗಳಲ್ಲಿ ದೊಡ್ಡ ತಜ್ಞರಲ್ಲದ ಊರ ವೈದ್ಯರೇ ಗುಳಿಗೆ ಹಾಗೂ ಜೀವನಕ್ರಮದ ಸಲಹೆ ಎರಡನ್ನೂ ಕೊಟ್ಟು ಬಿ.ಪಿ.ಯನ್ನು ಹತೋಟಿಗೆ ತಂದರು. ನಾಲ್ಕು ವರ್ಷಗಳ ಬಳಿಕ ಆ ಹಳ್ಳಿಗಳಲ್ಲಿ ಮರೆವಿನ ಕಾಯಿಲೆ 15 ಪ್ರತಿಶತ ಕಡಿಮೆಯಿತ್ತು. ‘ನೆನಪಿನ ಗುಳಿಗೆ’ ಎಂದು ಅಂಗಡಿಯಲ್ಲಿ ಸಿಗುವ ಯಾವುದಕ್ಕೂ ಇಂಥ ಫಲಿತಾಂಶವಿಲ್ಲ. ಯೋಗ, ನಡಿಗೆ, ಉಪ್ಪಿನ ಮಿತಿ ಇವುಗಳಿಂದ ನಿಮ್ಮ ಒತ್ತಡ ನಿಜಕ್ಕೂ ಇಳಿಯಬಹುದು. ಇಳಿದದ್ದು ಖಾತ್ರಿಯಾದರೆ ನಿಮ್ಮ ವೈದ್ಯರೇ ಪ್ರಮಾಣ ತಗ್ಗಿಸುತ್ತಾರೆ. ಖಾತ್ರಿಪಡಿಸಲು ಒಂದು ವಾರ ಮನೆಯಲ್ಲೇ ಅಳೆಯಿರಿ: ಬೆಳಿಗ್ಗೆ ಗುಳಿಗೆಗೂ ಚಹಾಕ್ಕೂ ಮುಂಚೆ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಿ, ಸಂಜೆಯೂ ಹಾಗೆಯೇ. ಮಹಡಿ ಹತ್ತಿ ಬಂದವರೇ ಕೈ ಚಾಚಿ ಅಳೆಸಿಕೊಂಡ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಉಪ್ಪಿನ ವಿಷಯದಲ್ಲಿ ನಮ್ಮ ಊಟಕ್ಕೆ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಬಹಳಷ್ಟು ಮನೆಗಳಲ್ಲಿ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಆದರೆ ಆ ರೊಟ್ಟಿಯ ಜೊತೆಗೆ ತಾಟಿನ ಅಂಚಿನಲ್ಲಿ ರಂಜಕ, ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ ಎಲ್ಲವೂ ಬಂದು ಕೂಡುತ್ತವೆ, ಸಂಜೆ ಚಹಾದ ಜೊತೆ ಗಿರ್ಮಿಟ್ ಮತ್ತು ಮಿರ್ಚಿ ಬಜಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ಸೇರಿ ಒಂದು ಸಪಾಟು ಚಹಾ ಚಮಚಕ್ಕಿಂತ ತುಸು ಕಡಿಮೆ. ಪಲ್ಯಕ್ಕೆ ಉಪ್ಪು ತಗ್ಗಿಸಿ ಮನೆಮಂದಿಯ ಸಿಟ್ಟಿಗೆ ಗುರಿಯಾಗುವ ಬದಲು ತಾಟಿನ ಅಂಚಿನ ಪದಾರ್ಥಗಳನ್ನು ಒಂದು ಹೊತ್ತಿಗೆ ಒಂದೇ ಎಂದು ಗೊತ್ತುಮಾಡಿಕೊಳ್ಳುವುದು ಸುಲಭ. ಅಗಸಿ ಅಥವಾ ಗುರೆಳ್ಳಿನ ಚಟ್ನಿಪುಡಿಯನ್ನು ಮನೆಯಲ್ಲೇ ಮಾಡಿಕೊಂಡರೆ ಉಪ್ಪು ನಮ್ಮ ಕೈಯಲ್ಲಿರುತ್ತದೆ.

ಇನ್ನು ನಿಮ್ಮ ಯಜಮಾನರ ವಿಷಯ. ಟಿ.ವಿ. ಜೋರು, ಹೇಳಿದ್ದು ತಲೆಗೆ ಹೋಗುವುದಿಲ್ಲ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಓದಿದಾಗ ನನಗೆ ಮೊದಲು ಬರುವ ಸಂಶಯ ಕಿವಿಯ ಮೇಲೆ. ವಯಸ್ಸಾದಂತೆ ಬರುವ ಕಿವುಡಿನಲ್ಲಿ ಎಲ್ಲ ಸದ್ದೂ ಒಂದೇ ಸಮ ಕಡಿಮೆಯಾಗುವುದಿಲ್ಲ; ಎತ್ತರದ ಸ್ಥಾಯಿಯ ಸದ್ದುಗಳು ಮೊದಲು ಹೋಗುತ್ತವೆ. ಸ, ಶ, ತ, ಪ ಮುಂತಾದ ವ್ಯಂಜನಗಳು ಮಸುಕಾಗಿ ಸ್ವರಗಳಷ್ಟೇ ಕಿವಿಗೆ ಬೀಳುತ್ತವೆ, ಹಾಗಾಗಿ ಮಾತನಾಡಿದ್ದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಎದುರು ಕೂತು ಮಾತಾಡಿದರೆ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಅಡುಗೆಮನೆಯಿಂದ ಕೂಗಿ ಹೇಳಿದರೆ ತಪ್ಪು ಉತ್ತರ ಕೊಡುತ್ತಾರೆ ಅಥವಾ ಸುಮ್ಮನಿರುತ್ತಾರೆ. ಮದುವೆ, ಗೃಹಪ್ರವೇಶಗಳ ಗದ್ದಲದಲ್ಲಿ ನಾಲ್ಕು ಸಲ ‘ಏನಂದ್ರಿ?’ ಎಂದು ಕೇಳಿ ಮುಜುಗರಪಟ್ಟವರು ಐದನೆಯ ಸಲ ಅಂಥ ಕಡೆ ಹೋಗುವುದನ್ನೇ ಬಿಡುತ್ತಾರೆ. ಹೀಗೆ ಕಿವಿಯ ದೋಷ ಒಂಟಿತನಕ್ಕೆ ದಾರಿ ಮಾಡುತ್ತದೆ; ಅರೆಬರೆ ಕೇಳಿದ್ದನ್ನು ಜೋಡಿಸಿಕೊಳ್ಳುವುದರಲ್ಲೇ ಮಿದುಳಿನ ಶ್ರಮ ಖರ್ಚಾಗಿ, ನೆನಪಿಟ್ಟುಕೊಳ್ಳಲು ಉಳಿಯುವುದು ಕಡಿಮೆ.

ಕಿವಿಯ ಯಂತ್ರದಿಂದ ಮರೆವು ತಪ್ಪುತ್ತದೆಯೇ ಎಂದು ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ಪ್ರಯೋಗ ನಡೆಸಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆಯಾಗಿ ಯಂತ್ರ ಪಡೆದವರ ಮತ್ತು ಪಡೆಯದವರ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯ ಮತ್ತು ರಕ್ತನಾಳದ ತೊಂದರೆಗಳಿಂದಾಗಿ ಮೊದಲೇ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಬುದ್ಧಿಶಕ್ತಿ ಕುಂದುವ ವೇಗ 48 ಪ್ರತಿಶತ ತಗ್ಗಿತ್ತು. ಎಪ್ಪತ್ತು ತುಂಬಿದ, ಬಿ.ಪಿ. ಇರುವ ವ್ಯಕ್ತಿಗೆ ಇದು ಅನ್ವಯಿಸುವ ಸಾಧ್ಯತೆ ಕಡಿಮೆಯೇನಲ್ಲ, ಮತ್ತು ಮನೆಯಲ್ಲಿ ಮಾತು ಮರಳುವ ಲಾಭವಂತೂ ಇದ್ದೇ ಇದೆ. ಮೊದಲು ಕಿವಿ-ಮೂಗು-ಗಂಟಲು ವೈದ್ಯರಲ್ಲಿ ತೋರಿಸಿ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆ ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಬಳಿಕ ಶ್ರವಣ ಪರೀಕ್ಷೆ ಮಾಡಿಸಿ, ಧಾರವಾಡದಲ್ಲಿ ಜೆ.ಎಸ್.ಎಸ್. ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ಯಂತ್ರ ಕೊಂಡವರಲ್ಲಿ ಅನೇಕರು ಮೊದಲ ವಾರದ ಕಿರಿಕಿರಿಗೆ ಬೇಸತ್ತು ಅದನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಪಾತ್ರೆಯ ಸದ್ದು, ಫ್ಯಾನಿನ ಸದ್ದು ಮತ್ತೆ ಕೇಳತೊಡಗಿದಾಗ ಅದಕ್ಕೆ ಒಗ್ಗಲು ಮಿದುಳಿಗೆ ಕೆಲವು ವಾರ ಬೇಕು. ದಿನಕ್ಕೆ ಒಂದೆರಡು ತಾಸಿನಿಂದ ಆರಂಭಿಸಿ, ಹೊಂದಾಣಿಕೆಗಾಗಿ ಮತ್ತೆ ತಜ್ಞರ ಬಳಿ ಹೋಗಬೇಕು. ಕಣ್ಣಿನ ಪೊರೆ ಬಂದಿದ್ದರೆ ಅದನ್ನೂ ಮುಂದೂಡದೆ ತೆಗೆಸಿ.

ನಡಿಗೆ ಶುರು ಮಾಡಿದ್ದೀರಿ, ಬಹಳ ಒಳ್ಳೆಯದು. ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧ ಅರ್ಧ ತಾಸು, ಭೀಷ್ಮ ಕೆರೆಯ ಕಡೆಗಾಗಲಿ ನಿಮ್ಮ ಶಾಲೆಯ ಮೈದಾನದಲ್ಲಾಗಲಿ ನಡೆಯಿರಿ. ಜೊತೆಗಾರರೊಡನೆ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಅಷ್ಟು ಬಿರುಸು ಸಾಕು. ಮಾರ್ಚ್‌ನಿಂದ ಮೇವರೆಗಿನ ಗದಗಿನ ಬಿಸಿಲು ನಿಮಗೆ ಗೊತ್ತಿದ್ದದ್ದೇ, ಆ ತಿಂಗಳುಗಳಲ್ಲಿ ಏಳು ಗಂಟೆಯೊಳಗೆ ಮುಗಿಸಿ. ನಡಿಗೆಯ ಹುರುಪಿನಲ್ಲಿ ಹಲವರು ಮರೆಯುವುದು ಸ್ನಾಯುಗಳ ಬಲ ಮತ್ತು ಸಮತೋಲನವನ್ನು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂಡುವುದು, ಅಡುಗೆಕಟ್ಟೆ ಹಿಡಿದು ಒಂದೊಂದೇ ಕಾಲಿನ ಮೇಲೆ ನಿಲ್ಲುವುದು ಇವನ್ನು ವಾರಕ್ಕೆ ಮೂರು ದಿನ ಸೇರಿಸಿ. ಬಿದ್ದು ತಲೆಗೆ ಪೆಟ್ಟಾಗುವುದೂ ಮರೆವಿನ ಕಾಯಿಲೆಯ ಕಾರಣಗಳಲ್ಲಿ ಒಂದು. ಸ್ಕೂಟಿಯ ಹಿಂದೆ ಕೂಡುವಾಗ ಹೆಲ್ಮೆಟ್ ಹಾಕಿಕೊಳ್ಳದ ನಮ್ಮ ರೂಢಿಗೂ ಇದೇ ಮಾತು ಸಲ್ಲುತ್ತದೆ.

ಸುಡೊಕು, ಪದಬಂಧಗಳ ಬಗ್ಗೆ ನನಗೆ ತಕರಾರಿಲ್ಲ, ನಿರೀಕ್ಷೆಯೂ ಹೆಚ್ಚಿಲ್ಲ. ಅಮೆರಿಕದಲ್ಲಿ 2,832 ಹಿರಿಯರ ಮೇಲೆ ನಡೆದ ‘ಆ್ಯಕ್ಟಿವ್’ ಪ್ರಯೋಗದಲ್ಲಿ ಮಿದುಳಿನ ತರಬೇತಿ ಕೊಟ್ಟಾಗ, ಯಾವುದರಲ್ಲಿ ತರಬೇತಿ ಸಿಕ್ಕಿತೋ ಅದರಲ್ಲಿ ಮುಖ್ಯವಾಗಿ ಸುಧಾರಣೆ ಕಂಡಿತು; ತರ್ಕ ಮತ್ತು ಗ್ರಹಣವೇಗದ ತರಬೇತಿಯ ಪರಿಣಾಮ ಹತ್ತು ವರ್ಷದ ಬಳಿಕವೂ ಉಳಿದಿತ್ತು, ನೆನಪಿನ ತರಬೇತಿಯದು ಉಳಿಯಲಿಲ್ಲ. ಸುಡೊಕು ಆಡಿದರೆ ಸುಡೊಕುವಿನಲ್ಲಿ ಜಾಣರಾಗುತ್ತೀರಿ. ಎಡಗೈ ಬರವಣಿಗೆಯಿಂದ ಮರೆವು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಅದರ ಬದಲು ತುಸು ಕಷ್ಟವಾದ, ಹೊಸದಾದ, ನಾಲ್ಕು ಜನರೊಡನೆ ಕೂಡಿ ಮಾಡುವ ಏನನ್ನಾದರೂ ಆರಿಸಿಕೊಳ್ಳಿ. ವೀರೇಶ್ವರ ಪುಣ್ಯಾಶ್ರಮವಿರುವ ಊರಿನವರಿಗೆ ಸಂಗೀತದ ಮಾತು ಹೇಳಬೇಕಾಗಿಲ್ಲ. ಹಾರ್ಮೋನಿಯಂ ಕಲಿಯಲು ಕೂತರೆ ಕಿವಿ, ಕಣ್ಣು, ಬೆರಳು, ತಾಳ, ನೆನಪು ಎಲ್ಲಕ್ಕೂ ಒಟ್ಟಿಗೆ ಕೆಲಸ ಬೀಳುತ್ತದೆ.

ನಿವೃತ್ತಿಯ ಮರುವರ್ಷದ ಬಗ್ಗೆ ಮಾತ್ರ ನನಗೆ ನಿಜವಾದ ಕಾಳಜಿಯಿದೆ. ಶಿಕ್ಷಕರಿಗೆ ದಿನವೂ ನೂರಾರು ಮಕ್ಕಳ ಹೆಸರು, ವೇಳಾಪಟ್ಟಿ, ಸಹೋದ್ಯೋಗಿಗಳ ಹರಟೆ, ಶಾಲೆಗೆ ಹೋಗಿಬರುವ ಓಡಾಟ ಎಲ್ಲವೂ ಕೇಳದೆಯೇ ಸಿಗುತ್ತಿರುತ್ತವೆ; ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ಇವೆಲ್ಲ ಒಮ್ಮೆಗೇ ನಿಂತುಹೋಗುತ್ತವೆ. ಈಗಿನಿಂದಲೇ ವಾರಕ್ಕೆ ಮೂರು ಸಂಜೆಯಾದರೂ ಮನೆಯಿಂದ ಹೊರಗೆ ಒಂದು ಹೊಣೆ ಒಪ್ಪಿಕೊಳ್ಳಿ: ಓಣಿಯ ಮಕ್ಕಳಿಗೆ ಪಾಠ, ಭಜನಾ ಮಂಡಳಿ, ಮಹಿಳಾ ಸಂಘದ ಲೆಕ್ಕಪತ್ರ, ಯಾವುದಾದರೂ ಸರಿ. ಬರದಿದ್ದರೆ ಯಾರಾದರೂ ಫೋನ್ ಮಾಡಿ ‘ಯಾಕ್ರಿ ಅಕ್ಕಾರ, ಬರ್ಲಿಲ್ಲ’ ಎಂದು ಕೇಳುವಂಥದ್ದಾಗಿರಬೇಕು. ಮನಸ್ಸು ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಹತ್ತದಿದ್ದರೆ, ಬೆಳಗಿನ ಜಾವವೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ ಅದು ಖಿನ್ನತೆಯಿರಬಹುದು. ಖಿನ್ನತೆಯೇ ಎಷ್ಟೋ ಸಲ ಮರೆವಿನ ವೇಷದಲ್ಲಿ ಬರುತ್ತದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ನಿದ್ದೆ ಏಳರಿಂದ ಎಂಟು ತಾಸು ಬೇಕು. ಮಧ್ಯಾಹ್ನ ಊಟದ ಬಳಿಕ ಇಪ್ಪತ್ತು ನಿಮಿಷ ಮಲಗಿದರೆ ಅಡ್ಡಿಯಿಲ್ಲ, ಎರಡು ತಾಸು ಮಲಗಿದರೆ ರಾತ್ರಿ ಕೈಕೊಡುತ್ತದೆ. ಯಜಮಾನರು ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಒಮ್ಮೆಲೇ ಉಸಿರೆಳೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಹಗಲಿನ ಮಂಕಿಗೂ ಹತೋಟಿಗೆ ಬಾರದ ಬಿ.ಪಿ.ಗೂ ಅದು ಕಾರಣವಿರಬಹುದು.

ಆಹಾರದ ಬಗ್ಗೆ ಹೇಳುವಾಗ ನಾನು ಸ್ವಲ್ಪ ಕೈ ಹಿಡಿಯುತ್ತೇನೆ. ಮಿದುಳಿಗೆಂದೇ ರೂಪಿಸಿದ ‘ಮೈಂಡ್’ ಆಹಾರಕ್ರಮವನ್ನು 604 ಜನರ ಮೇಲೆ ಮೂರು ವರ್ಷ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದಾಗ, ಹೋಲಿಕೆಯ ಗುಂಪಿಗಿಂತ ಹೆಚ್ಚಿನ ಲಾಭ ಕಂಡುಬರಲಿಲ್ಲ. ಆದ್ದರಿಂದ ಒಂದು ಕಾಯಿ, ಒಂದು ಸೊಪ್ಪು ಮಿದುಳನ್ನು ಉಳಿಸುತ್ತದೆಂಬ ಮಾತನ್ನು ನಂಬಬೇಡಿ. ಜೋಳದ ರೊಟ್ಟಿ, ಹೆಸರುಕಾಳು, ಮಡಿಕೆಕಾಳು, ಮೆಂತ್ಯ ಅಥವಾ ಪುಂಡಿ ಪಲ್ಯ, ಮಜ್ಜಿಗೆ ಇರುವ ನಮ್ಮ ಊಟ ಸಕ್ಕರೆ, ತೂಕ, ಕೊಲೆಸ್ಟರಾಲ್‌ಗಳಿಗೆ ಒಳ್ಳೆಯದು, ಆ ದಾರಿಯಿಂದ ಮಿದುಳಿಗೂ ಒಳ್ಳೆಯದು. ಬ್ರಾಹ್ಮಿಯ ಬಗ್ಗೆ ಇರುವುದು ಸಣ್ಣ ಅಧ್ಯಯನಗಳು. ನೆನಪಿನ ಪರೀಕ್ಷೆಗಳಲ್ಲಿ ಅಲ್ಪ ಸುಧಾರಣೆ ಕೆಲವದರಲ್ಲಿ ಕಂಡಿದೆ, ಕಾಯಿಲೆ ತಡೆದದ್ದಕ್ಕೆ ಪುರಾವೆಯಿಲ್ಲ. ಹೀಗೆಯೇ ಹೆಸರು ಮಾಡಿದ್ದ ಗಿಂಕ್ಗೊ ಸಸ್ಯಸಾರವನ್ನು ಮೂರು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ ಪ್ರಯೋಗ 2008ರಲ್ಲಿ ನಿರಾಸೆಯಲ್ಲಿ ಮುಗಿಯಿತು. ಆದರೆ ಬಿ12 ಜೀವಸತ್ವದ ಕೊರತೆ ಬೇರೆ ಮಾತು: ಮಾಂಸ, ಮೊಟ್ಟೆ ತಿನ್ನದವರಲ್ಲಿ, ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಆ್ಯಸಿಡಿಟಿ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಅದು ಸಾಮಾನ್ಯ, ಮರೆವನ್ನೂ ತರಬಲ್ಲದು, ತುಂಬಿಕೊಟ್ಟರೆ ಸುಧಾರಿಸಬಲ್ಲದು. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ತಂಬಾಕು, ಗುಟ್ಕಾ, ಮದ್ಯ ಮನೆಯಲ್ಲಿ ಯಾರಿಗಿದ್ದರೂ ಬಿಡಿಸಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇವುಗಳಲ್ಲಿ ಯಾವುದಾದರೂ ಒಂದನ್ನು ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ‘ಫಿಂಗರ್’ ಪ್ರಯೋಗದಲ್ಲಿ ಆಹಾರ, ವ್ಯಾಯಾಮ, ಬುದ್ಧಿಯ ತರಬೇತಿ, ಬಿ.ಪಿ. ಮತ್ತು ಸಕ್ಕರೆಯ ನಿಗಾ ಎಲ್ಲವನ್ನೂ ಕೂಡಿಸಿ ಎರಡು ವರ್ಷ ಪಾಲಿಸಿದಾಗಲೇ ಬುದ್ಧಿಶಕ್ತಿಯಲ್ಲಿ ಅಳೆಯಬಹುದಾದ ಲಾಭ ಕಂಡಿತು. ಆ ಲಾಭ ದೊಡ್ಡದೇನಲ್ಲ. 2025ರಲ್ಲಿ ಬಂದ ಅಮೆರಿಕದ ಇಂಥದೇ ಪ್ರಯೋಗದಲ್ಲಿ ಗಮನ ಸೆಳೆದದ್ದು, ನಿಗದಿತ ವೇಳಾಪಟ್ಟಿ ಮತ್ತು ಗುಂಪಿನ ಬೆಂಬಲವಿದ್ದವರು ತಾವೇ ತಾವಾಗಿ ಮಾಡಿಕೊಂಡವರಿಗಿಂತ ಮುಂದಿದ್ದರು ಎಂಬುದು. ವೇಳಾಪಟ್ಟಿ ಹಾಕುವುದನ್ನು ಶಿಕ್ಷಕಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಡಿಗೆಗೆ ಇಬ್ಬರು ಗೆಳತಿಯರನ್ನು ಜೊತೆಮಾಡಿಕೊಳ್ಳಿ.

ವೈದ್ಯರನ್ನು ಕಾಣಲೇಬೇಕಾದ ಲಕ್ಷಣಗಳು ಇವು: ಒಂದೇ ಪ್ರಶ್ನೆಯನ್ನು ಅರ್ಧ ತಾಸಿನಲ್ಲಿ ಮೂರು ಸಲ ಕೇಳುವುದು, ಹತ್ತಾರು ವರ್ಷ ಓಡಾಡಿದ ದಾರಿ ತಪ್ಪುವುದು, ದಿನವೂ ಮಾಡುವ ಅಡುಗೆಯ ಕ್ರಮ ಅಥವಾ ಹಣದ ಲೆಕ್ಕ ಕೈತಪ್ಪುವುದು, ಸ್ವಭಾವವೇ ಬದಲಾಗುವುದು. ಇವು ತಿಂಗಳುಗಳಲ್ಲಿ ನಿಧಾನವಾಗಿ ಬರುತ್ತವೆ. ಮಾತು ತೊದಲಿ ಮುಖ ಒಂದು ಬದಿಗೆ ವಾಲಿದರೆ, ಕೈಕಾಲು ಬಲಗುಂದಿದರೆ ಅದು ಪಾರ್ಶ್ವವಾಯು, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ನಿಧಾನದ ಮರೆವಿಗೆ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್‌ನಲ್ಲಿ ವಿಚಾರಿಸಬಹುದು, ಹೆಚ್ಚಿನ ತಪಾಸಣೆಗೆ ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್) ಮತ್ತು ಧಾರವಾಡದ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇವೆ. ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪೊಟ್ಟಣಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿದ್ದೆ ಗುಳಿಗೆ, ನೆಗಡಿಯ ಗುಳಿಗೆ, ಆಯುರ್ವೇದದ ಚೂರ್ಣ ಯಾವುದನ್ನೂ ಮನೆಯಲ್ಲಿ ಬಿಟ್ಟು ಹೋಗಬೇಡಿ, ಏಕೆಂದರೆ ನಿದ್ದೆ ಮತ್ತು ನೆಗಡಿಯ ಕೆಲವು ಗುಳಿಗೆಗಳೇ ಹಿರಿಯರಲ್ಲಿ ಮರೆವು ತರುತ್ತವೆ. ಜೊತೆಗೆ ಮನೆಯಲ್ಲೇ ಇರುವ ಇನ್ನೊಬ್ಬರನ್ನು ಕರೆದೊಯ್ಯಿರಿ. ತಾನು ಏನು ಮರೆಯುತ್ತಿದ್ದೇನೆಂಬುದನ್ನು ಮರೆಯುವವರೇ ಪೂರ್ತಿ ಹೇಳಲಾರರು.